ನಂಜನಗೂಡಿನ ಉಪಾಧ್ಯಾಯಿನಿ

ನಂಜನಗೂಡೆಂದೊಡನೆ ಮೈಸೂರು ಸೀಮೆಯ ಜನಕ್ಕೆ ನೆನಪಾಗುವುದು ಕಪಿಲಾತೀರದ ಶ್ರೀಕಂಠೇಶ್ವರ, ಆಮೇಲೆ ರಸಬಾಳೆ, ಅದರ ಬಳಿಕ, ಒಂದಾನೊಂದು ಕಾಲಕ್ಕೆ ಬಚ್ಚಲಮನೆಯ ಗೂಡಿನಲ್ಲಿ ತಪ್ಪದೆ ಇರುತ್ತಿದ್ದ ಹಲ್ಲುಪುಡಿ. ಆ ಹಲ್ಲುಪುಡಿಯನ್ನು ಜನಕ್ಕೆ ಕೊಟ್ಟ ಬಿ. ವಿ. ಪಂಡಿತರ ಸದ್ವೈದ್ಯಶಾಲೆ ಸ್ಥಾಪಿತವಾದದ್ದು 1913ರಲ್ಲಿ. ಅದೇ ವರ್ಷ, ಅದೇ ಊರಿನಲ್ಲಿ, ವಕೀಲರೊಬ್ಬರ ಮನೆಯಿಂದ ಮತ್ತೊಂದು ಉದ್ಯಮವೂ ಹೊರಟಿತು. ಬಾಲ್ಯದಲ್ಲಿಯೇ ವೈಧವ್ಯಕ್ಕೆ ಗುರಿಯಾಗಿದ್ದ, ಆಗಿನ್ನೂ ಇಪ್ಪತ್ತಾರು ವರ್ಷ ವಯಸ್ಸಿನ ಆ ಮನೆಯ ಮಗಳು ‘ಸತೀಹಿತೈಷಿಣಿ’ ಎಂಬ ಗ್ರಂಥಮಾಲೆಯನ್ನು ಆರಂಭಿಸಿ, ತಾವೇ ರಚಿಸಿದ ‘ಸುಶೀಲೆ’ ಎಂಬ ಕಾದಂಬರಿಯನ್ನು ಅದರ ಮೂಲಕ ಪ್ರಕಟಿಸಿದರು. ಹಲ್ಲುಪುಡಿಯ ಹೆಸರು ಊರಿನೊಡನೆ ನಿಂತಿತು. ಆ ಮಗಳ ಹೆಸರು ಮಾತ್ರ ದಶಕಗಳ ಕಾಲ ಮರೆಯಾಗಿದ್ದು, ಅವರು ತೊಂಬತ್ತು ದಾಟಿದ ವೃದ್ಧೆಯಾಗಿದ್ದಾಗ ಕನ್ನಡಕ್ಕೆ ಮತ್ತೆ ದೊರೆಯಿತು.

ನಂಜನಗೂಡು ತಿರುಮಲಾಂಬಾ ಅವರನ್ನು ಕನ್ನಡದ ಮೊದಲ ಆಧುನಿಕ ಲೇಖಕಿಯೆಂದೂ ಮೊದಲ ಪತ್ರಿಕಾ ಸಂಪಾದಕಿಯೆಂದೂ ಮೊದಲ ಪ್ರಕಾಶಕಿಯೆಂದೂ ಕರೆಯುವುದು ಈಗ ರೂಢಿಯಾಗಿದೆ. ಈ ಬಿರುದುಗಳ ಬಗೆಗೆ ನನ್ನ ತಕರಾರಿಲ್ಲ. ಆದರೆ ಹೀಗೆ ಒಬ್ಬರನ್ನು ಸಾಲಿನ ತುದಿಯಲ್ಲಿ ಒಂಟಿಯಾಗಿ ನಿಲ್ಲಿಸಿಬಿಟ್ಟರೆ, ಅವರು ಬದುಕಿನ ಬಹುಭಾಗವನ್ನು ಯಾರ ನಡುವೆ ಕುಳಿತು ಕಳೆದರೆಂಬುದು ಕಣ್ಮರೆಯಾಗುತ್ತದೆ. ಅವರ ಸುತ್ತ ಸದಾ ಒಂದಷ್ಟು ಮಂದಿ ಹೆಂಗಸರಿದ್ದರು. ಅಕ್ಷರ ಬಲ್ಲವರು, ಬಾರದವರು, ಕೇಳಲು ಬಂದವರು, ಕಲಿಯಲು ಬಂದವರು. ಕಾದಂಬರಿಕಾರ್ತಿ, ಸಂಪಾದಕಿ, ಪ್ರಕಾಶಕಿ ಎಂಬ ಮೂರು ರೂಪಗಳೂ ಆ ಹೆಂಗಸರ ಮುಂದೆ ಕುಳಿತಿದ್ದ ಒಬ್ಬ ಉಪಾಧ್ಯಾಯಿನಿಯ ಅಗತ್ಯಗಳಿಂದ ಹುಟ್ಟಿಕೊಂಡವೆಂಬುದು ಅವರ ಜೀವನವೃತ್ತಾಂತವನ್ನು ಓದಿದಷ್ಟೂ ನನಗೆ ದೃಢವಾಗುತ್ತ ಬಂದಿರತಕ್ಕ ಅಭಿಪ್ರಾಯ.

ಅವರು ಜನಿಸಿದ್ದು 1887ರ ಮಾರ್ಚ್ 25ರಂದು. ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ನಂಜನಗೂಡಿನಲ್ಲಿ ವಕೀಲರು, ತಾಯಿ ಅಲಮೇಲಮ್ಮ. ಹತ್ತನೆಯ ವಯಸ್ಸಿನಲ್ಲಿ ಮಗಳಿಗೆ ವಿವಾಹವಾಯಿತು. ಮೈಸೂರು ಸಂಸ್ಥಾನದಲ್ಲಿ ಬಾಲ್ಯವಿವಾಹವನ್ನು ತಡೆಗಟ್ಟುವ ಕಾಯಿದೆಯೊಂದು 1894ರಲ್ಲಿಯೇ ಬಂದಿದ್ದಿತು, ನಿಜ. ಭರತಖಂಡದಲ್ಲಿ ಅಂಥ ಕಾಯಿದೆ ಮಾಡಲು ಮುಂದಾದ ಕೆಲವೇ ಸರಕಾರಗಳಲ್ಲಿ ನಮ್ಮದೂ ಒಂದೆಂದು ಹೆಮ್ಮೆಪಡುವವರೂ ಉಂಟು. ಆದರೆ ಆ ಕಾಯಿದೆ ನಿಷೇಧಿಸಿದ್ದು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನು, ಮತ್ತು ಹದಿನಾಲ್ಕು ತುಂಬದ ಹುಡುಗಿಯನ್ನು ಐವತ್ತು ದಾಟಿದ ವೃದ್ಧನು ವರಿಸುವುದನ್ನು. ಹತ್ತು ವರ್ಷದ ಮದುವಣಗಿತ್ತಿ ಆ ಶಾಸನದ ದೃಷ್ಟಿಯಲ್ಲಿ ಪ್ರೌಢೆಯೇ ಸರಿ. ಹಾಗಾಗಿ ಓಲಗ, ಆರತಿ, ಆಶೀರ್ವಾದಗಳೆಲ್ಲ ಕಾನೂನಿನ ಸಮ್ಮತಿಯೊಡನೆ ನಡೆದವು. 1898ರಲ್ಲಿ ಸಂಸ್ಥಾನವನ್ನು ಪ್ರವೇಶಿಸಿದ ಪ್ಲೇಗು, ಜನರನ್ನು ಮನೆಮಠ ಬಿಡಿಸಿ ಊರಾಚೆಯ ಗುಡಿಸಲುಗಳಿಗೆ ಅಟ್ಟುತ್ತ, ವರ್ಷ ವರ್ಷವೂ ಮರಳಿ ಬರುತ್ತಿದ್ದ ದಿನಗಳವು. ತಿರುಮಲಾಂಬಾ ಅವರ ಪತಿಯೂ ಅದಕ್ಕೆ ತುತ್ತಾದರು. ಆಗ ಅವರಿಗೆ ಹದಿನಾಲ್ಕು ವರ್ಷ.

ಮಡಿವಂತ ಮನೆತನದ ಬಾಲವಿಧವೆಗೆ ಆ ಕಾಲದಲ್ಲಿ ಏನು ಕಾದಿರುತ್ತಿದ್ದಿತೆಂಬುದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಹಬ್ಬದ ದಿನ ಹಿತ್ತಲ ಕಡೆಯ ಕೋಣೆಯೂ, ಮುಂಜಾನೆ ಎದುರು ಬಾರದಿರಬೇಕೆಂಬ ಎಚ್ಚರಿಕೆಯೂ, ಜೀವವಿಡೀ ಅಡಿಗೆಮನೆಯ ಹೊಗೆಯೂ ಎಷ್ಟು ಮಂದಿಯ ಪಾಲಿಗೆ ಬಂದಿಲ್ಲ? ಈ ಮನೆಯಲ್ಲಿ ನಡೆದದ್ದು ಬೇರೆ. ವೆಂಕಟಕೃಷ್ಣ ಅಯ್ಯಂಗಾರ್ಯರು ಮಗಳ ಕೈಗೆ ಪುಸ್ತಕವನ್ನು ಕೊಟ್ಟರು. ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆ 1881ರಷ್ಟು ಹಿಂದೆಯೇ ತೆರೆದಿದ್ದರೂ, ಹದಿನೈದು ಮೈಲಿಯ ಆಚೆಯ ಆ ಶಾಲೆಗೂ ನಂಜನಗೂಡಿನ ಒಬ್ಬ ವಿಧವೆಗೂ ನಡುವೆ ಇದ್ದ ಅಂತರವನ್ನು ಮೈಲಿಯಲ್ಲಿ ಅಳೆಯುವಂತಿರಲಿಲ್ಲವಾಗಿ, ತಂದೆಯೇ ಗುರುವೂ ಆದರು. ಮಗಳು ಮನೆಯಲ್ಲಿಯೇ ಕನ್ನಡವನ್ನು ಕ್ರಮವಾಗಿ ಅಭ್ಯಾಸಮಾಡಿದರು. ತಮಿಳು ತೆಲುಗುಗಳ ಗ್ರಂಥಗಳನ್ನೂ ಓದಿಕೊಂಡರು. ಸ್ತ್ರೀವಿದ್ಯೆಯ ಇತಿಹಾಸವನ್ನು ಬರೆಯತಕ್ಕವರು ದಿವಾನರ ಹೆಸರುಗಳನ್ನೂ ಮಹಾರಾಣಿಯರ ಹೆಸರುಗಳನ್ನೂ ನೆನೆಯುತ್ತಾರೆ. ಸಂಜೆ ಕಚೇರಿಯ ಕಾಗದಗಳನ್ನು ಬದಿಗಿರಿಸಿ ವಿಧವೆಯಾದ ಮಗಳ ಮುಂದೆ ಪುಸ್ತಕ ಬಿಚ್ಚಿದ ಇಂಥ ತಂದೆಯರ ಸಂಖ್ಯೆ ಎಷ್ಟಿತ್ತೆಂಬುದನ್ನು ಯಾವ ಜನಗಣತಿಯೂ ಎಣಿಸಲಿಲ್ಲ.

ಕಲಿತದ್ದನ್ನು ಒಳಗೇ ಇಟ್ಟುಕೊಂಡು ಸುಮ್ಮನಿರುವುದು ಅವರ ಸ್ವಭಾವಕ್ಕೆ ಒಗ್ಗಲಿಲ್ಲ. ಮಧ್ಯಾಹ್ನದ ಊಟ ಮುಗಿದು, ಗಂಡಸರು ಕೆಲಸಕ್ಕೆ ಹೋಗಿ, ರಾತ್ರಿಯ ಅಡಿಗೆಗೆ ಇನ್ನೂ ಹೊತ್ತಿರುವಾಗ ಹೆಂಗಸರಿಗೆ ದೊರೆಯುವ ಒಂದೆರಡು ಗಂಟೆಯ ಬಿಡುವು ನಮ್ಮ ಸಂಸಾರಗಳಲ್ಲಿ ಬಹು ಪುರಾತನವಾದದ್ದು. ಬತ್ತಿ ಹೊಸೆಯುತ್ತಲೋ ಅಕ್ಕಿ ಆರಿಸುತ್ತಲೋ ಒಬ್ಬರು ಓದುವುದನ್ನು ಹತ್ತು ಮಂದಿ ಕೇಳತಕ್ಕ ಪದ್ಧತಿಯೂ ಅಷ್ಟೇ ಹಳೆಯದು. ಜೈಮಿನಿ ಭಾರತ, ತೊರವೆ ರಾಮಾಯಣಗಳು ನಮ್ಮ ಅಜ್ಜಿಯರ ನಾಲಗೆಯ ಮೇಲೆ ನಿಂತದ್ದು ಈ ಮಾರ್ಗದಿಂದಲೇ. ಅವರಲ್ಲಿ ಎಷ್ಟೋ ಮಂದಿಗೆ ಓಲೆಯೂ ಕಾಗದವೂ ಒಂದೇ. ತಿರುಮಲಾಂಬಾ ಅವರ ಮನೆಯಲ್ಲಿಯೂ ಹೆಂಗಸರು ನೆರೆಯತೊಡಗಿದರು. ಮೊದಮೊದಲು ಅವರಿಗಾಗಿ ಹಾಡುಗಳನ್ನು ಕಟ್ಟಿದ್ದಾಯಿತು, ಬಳಿಕ ಕಥೆಗಳು, ಆಮೇಲೆ ನಾಟಕಗಳು. ಕೇಳುವವರು ಎದುರಿಗೇ ಇದ್ದುದರಿಂದ ಯಾವ ಮಾತಿಗೆ ಅವರ ಕೈಕೆಲಸ ನಿಂತಿತು, ಯಾವ ಮಾತಿಗೆ ಆಕಳಿಕೆ ಬಂದಿತು, ಯಾವ ಪ್ರಸಂಗದಲ್ಲಿ ‘ಹಾಗೂ ಉಂಟೇ!’ ಎಂದು ಯಾರು ಬಾಯಿಹಾಕಿದರು ಎಂಬುದೆಲ್ಲ ಬರೆಯುವವರಿಗೆ ತತ್‌ಕ್ಷಣವೇ ತಿಳಿಯುತ್ತಿದ್ದಿರಬೇಕು. ಗ್ರಂಥಕರ್ತರಲ್ಲಿ ಬಹುಮಂದಿಗೆ ಇಂಥ ಪರೀಕ್ಷೆ ಒದಗುವುದೇ ಇಲ್ಲ. ಅವರ ಓದುಗರು ಆಕಳಿಸುವುದು ದೂರದಲ್ಲಿ.

ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಯಾವ ಸಮಾಜ ವಿಧವೆಯನ್ನು ಶುಭಕಾರ್ಯದ ಹಸೆಯಿಂದ ದೂರ ನಿಲ್ಲಿಸಿದ್ದಿತೋ, ಅದೇ ಸಮಾಜದ ಮುತ್ತೈದೆಯರು ಮಧ್ಯಾಹ್ನವಾಯಿತೆಂದರೆ ಆಕೆಯ ಸುತ್ತ ಬಂದು ಕುಳಿತರು. ಶಕುನ ನೋಡುವವರು ಬೆಳಗ್ಗೆ ನೋಡಲಿ. ಕಥೆ ಕೇಳುವ ಹೊತ್ತಿಗೆ ಆ ವಿಚಾರ ಯಾರಿಗೂ ಬಾಧಿಸಲಿಲ್ಲ. ಮಂಟಪವೇರಿ ಭಾಷಣ ಮಾಡದೆ, ಪ್ರತಿಭಟನೆಯ ಮಾತೊಂದನ್ನೂ ಆಡದೆ, ಆಕೆ ಮನೆಯ ನಡುಮನೆಯನ್ನು ಮರಳಿ ಪಡೆದುಕೊಂಡರೆಂದು ನಾನು ಎಣಿಸುತ್ತೇನೆ.

ಆ ಪ್ರದೇಶದಲ್ಲಿ ಇದಕ್ಕೆ ಒಂದು ಪೂರ್ವಪರಂಪರೆಯೂ ಇದ್ದಿತು. ನಂಜನಗೂಡಿಗೆ ದೂರವಲ್ಲದ ಯಳಂದೂರಿನ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದುಕೊಂಡೇ ‘ಹದಿಬದೆಯ ಧರ್ಮ’ವನ್ನು ರಚಿಸಿದ್ದಳು. ಸತೀಧರ್ಮವನ್ನು ಬೋಧಿಸುವ ಕಾವ್ಯವದು. ಆದರೆ ಬೋಧಿಸುತ್ತ ಬೋಧಿಸುತ್ತ, ಗಂಡುಮಗುವಿಗೂ ಹೆಣ್ಣುಮಗುವಿಗೂ ಭೇದವೆಣಿಸುವ ತಂದೆತಾಯಿಗಳಿಗೆ ಆಕೆ ಕೇಳಿದ ಪ್ರಶ್ನೆ ಇಂದಿಗೂ ತೀಕ್ಷ್ಣತೆಯನ್ನು ಕಳೆದುಕೊಂಡಿಲ್ಲ. ತಿರುಮಲಾಂಬಾ ಅವರ ಗ್ರಂಥಮಾಲೆಯ ಹೆಸರಿನಲ್ಲಿ ‘ಸತಿ’ ಇರುವುದನ್ನು ಕಂಡು ಮುಖ ಸಿಂಡರಿಸತಕ್ಕ ಈಚಿನ ಓದುಗರು ಹೊನ್ನಮ್ಮನನ್ನು ಒಮ್ಮೆ ನೆನೆಯುವುದೊಳ್ಳೆಯದು. ಧರ್ಮದ ಗೋಡೆಗೆ ಒಳಗಿನಿಂದಲೇ ಕಿಟಕಿ ಕೊರೆದವರ ಸಾಲು ನಮ್ಮಲ್ಲಿ ದೀರ್ಘವಾದದ್ದು.

ಹಾಡು ಕಥೆಗಳಿಂದ ಅಚ್ಚಿನ ಪುಸ್ತಕಕ್ಕೆ ಬಂದ ಮೇಲೆ ತಿರುಮಲಾಂಬಾ ಅವರ ಕೇಳುಗರ ವೃತ್ತ ಊರನ್ನು ದಾಟಿತು. ಗ್ರಂಥಮಾಲೆಗಳ ಕಾಲವದು. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ತಂದ ಕಾದಂಬರಿಗಳು ಕನ್ನಡಿಗರಿಗೆ ಗದ್ಯಕಥೆಯ ರುಚಿ ಹತ್ತಿಸಿದ್ದವು. ಉತ್ತರದಲ್ಲಿ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗುತ್ತಿದ್ದರು. ಹೆಂಗಸಾದವಳು, ಅದರಲ್ಲಿಯೂ ವಿಧವೆ, ಗಳಗನಾಥರಂತೆ ಹೊರಡುವುದು ಸಾಧ್ಯವೇ? ಆದರೆ ಅಂಚೆಯವನು ಮನೆಬಾಗಿಲಿಗೆ ಬರುತ್ತಿದ್ದನಷ್ಟೆ. ಚಂದಾದಾರರ ಹೆಸರು ಹಿಡಿದು, ಪುಸ್ತಕ ಅಚ್ಚಾದಂತೆ ವಿ. ಪಿ. ಮೂಲಕ ಕಳುಹಿಸಿ, ಹಣವನ್ನು ಅಂಚೆಯಲ್ಲಿಯೇ ಪಡೆಯುವ ಆಗಿನ ಗ್ರಂಥಮಾಲೆಗಳ ಪದ್ಧತಿ ಹೊಸ್ತಿಲು ದಾಟಲಾರದವರಿಗೆಂದೇ ಏರ್ಪಟ್ಟಿತೋ ಎಂಬಷ್ಟು ಅನುಕೂಲವಾಗಿದ್ದಿತು. ಸ್ತ್ರೀಸ್ವಾತಂತ್ರ್ಯಕ್ಕೆ ನೆರವಾದ ಸಂಸ್ಥೆಗಳ ಪಟ್ಟಿಯಲ್ಲಿ ಅಂಚೆ ಇಲಾಖೆಯನ್ನು ಯಾರೂ ಸೇರಿಸಿದ್ದನ್ನು ನಾನು ಕಂಡಿಲ್ಲ, ಸೇರಿಸಿದರೆ ತಪ್ಪಾಗದು.

‘ಸುಶೀಲೆ’ ನಾಲ್ಕು ಮುದ್ರಣಗಳನ್ನು ಕಂಡು ಸುಮಾರು 7,000 ಪ್ರತಿಗಳು ಖರ್ಚಾದವೆಂದು ಹೇಳುತ್ತಾರೆ. ನೂರು ಮಂದಿ ಸ್ತ್ರೀಯರಲ್ಲಿ ಓದುಬರಹ ಬಲ್ಲವರು ಒಬ್ಬಿಬ್ಬರಿಗಿಂತ ಹೆಚ್ಚಿರದಿದ್ದ ದಿನಗಳಲ್ಲಿ ಈ ಸಂಖ್ಯೆ ಏನನ್ನು ಸೂಚಿಸುತ್ತದೆಂಬುದನ್ನು ಯೋಚಿಸಿ ನೋಡಬೇಕು. ಒಂದೊಂದು ಪ್ರತಿಯ ಹಿಂದೆಯೂ ಒಬ್ಬ ಓದುಗಿತ್ತಿ, ಅವಳ ಸುತ್ತ ನಾಲ್ಕಾರು ಮಂದಿ ಕೇಳುಗಿತ್ತಿಯರು. ನಂಜನಗೂಡಿನ ಮಧ್ಯಾಹ್ನ ಅಲ್ಲಲ್ಲಿ ಮರುಹುಟ್ಟು ಪಡೆದಿರಲಿಕ್ಕೆ ಸಾಕು. ಮರುವರ್ಷ ‘ನಭಾ’ ಬಂದಿತು. ಮುಂದೆ ‘ವಿದ್ಯುಲ್ಲತಾ’, ‘ವಿರಾಗಿಣಿ’, ‘ದಕ್ಷಕನ್ಯೆ’, ‘ಮಾತೃನಂದಿನಿ’ ಮೊದಲಾದುವು. ಕಾದಂಬರಿ, ನಾಟಕ, ಪ್ರಬಂಧಗಳೆಲ್ಲ ಸೇರಿ ಅವರ ಕೃತಿಗಳು 28 ಎಂಬುದು ಸಾಮಾನ್ಯವಾದ ಲೆಕ್ಕ. ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನೂ, ತರುವಾಯ ‘ಸನ್ಮಾರ್ಗದರ್ಶಿ’ಯನ್ನೂ ಅವರು ನಡೆಸಿದರು. ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಬೆಂಗಳೂರಿನಲ್ಲಿ ಆಗತಾನೆ ಕಣ್ದೆರೆದಿದ್ದ ಕಾಲಕ್ಕೆ, ಒಂದು ತಾಲ್ಲೂಕು ಕಸಬೆಯಲ್ಲಿ ಕುಳಿತು ಸ್ತ್ರೀಯರಿಗಾಗಿ ಪತ್ರಿಕೆ ಹೊರಡಿಸುವ ಸಾಹಸ ಅಲ್ಪವಾದದ್ದಲ್ಲ.

ಮನೆಯಲ್ಲಿಯೇ ‘ಮಾತೃಮಂದಿರ’ವೆಂಬ ಪಾಠಶಾಲೆಯನ್ನು ತೆರೆದು ಹೆಣ್ಣುಮಕ್ಕಳಿಗೆ ಅವರು ಪಾಠ ಹೇಳಿದರೆಂಬ ವಿಷಯವನ್ನು ಜೀವನಚರಿತ್ರೆಗಳು ಒಂದು ವಾಕ್ಯದಲ್ಲಿ ಮುಗಿಸುತ್ತವೆ. ಕಾದಂಬರಿಗಳಿಗೆ ದೊರೆತ ಪುಟಗಳು ಪಾಠಶಾಲೆಗೆ ದೊರೆತಿಲ್ಲ. ಉಪಾಧ್ಯಾಯರ ವಿಷಯದಲ್ಲಿ ಯಾವಾಗಲೂ ಹೀಗೆಯೇ ಆಗುವುದು. ಪುಸ್ತಕ ಕಪಾಟಿನಲ್ಲಿ ಉಳಿಯುತ್ತದೆ. ಪಾಠ ಮತ್ತೊಬ್ಬರ ಬುದ್ಧಿಯೊಳಗೆ ಕರಗಿ, ಅವರದೇ ಎಂಬಂತೆ ಆಗಿಬಿಡುತ್ತದೆ. ಆ ಮನೆಯಲ್ಲಿ ತಿದ್ದಿಕೊಂಡ ಹುಡುಗಿ ಮುಂದೆ ಯಾವುದೋ ಊರಿನ ಸೊಸೆಯಾಗಿ, ತವರಿಗೆ ತಾನೇ ಕಾಗದ ಬರೆದಾಗ, ಅದು ತಿರುಮಲಾಂಬಾ ಅವರ ಕೃತಿಗಳ ಪಟ್ಟಿಗೆ ಸೇರುವುದಿಲ್ಲ.

ಬೆಂಗಳೂರಿನಲ್ಲಿ ಇದೇ ಮಾರ್ಗವನ್ನು ಹಿಡಿದ ಆರ್. ಕಲ್ಯಾಣಮ್ಮನವರ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಚಿತ. ಅವರೂ ಬಾಲವಿಧವೆ. 1921ರಲ್ಲಿ ಅವರು ಆರಂಭಿಸಿದ ‘ಸರಸ್ವತಿ’ ಪತ್ರಿಕೆ ನಾಲ್ಕು ದಶಕಗಳ ಕಾಲ ನಡೆಯಿತು. 1938ರಲ್ಲಿ ಸ್ಥಾಪಿಸಿದ ಮಕ್ಕಳ ಕೂಟ ಚಾಮರಾಜಪೇಟೆಯಲ್ಲಿ ಹೆಸರಾಯಿತು. ರಾಜಧಾನಿಯ ಸಮಾಜಗಳೂ ಸಭೆಗಳೂ ಪರಿಷತ್ತಿನ ಬಳಗವೂ ಕಲ್ಯಾಣಮ್ಮನವರ ಕೆಲಸಕ್ಕೆ ಆಸರೆಯಾದುವು. ನಂಜನಗೂಡಿನವರಿಗೆ ಆ ಭಾಗ್ಯವಿರಲಿಲ್ಲ. ಮನೆಯೇ ಕಾರ್ಯಾಲಯ, ಮನೆಯೇ ಪಾಠಶಾಲೆ, ಮನೆಯೇ ಸಭಾಂಗಣ. ಮನೆಯವರ ಸ್ಥಿತಿಗತಿ ಬದಲಾದರೆ ಎಲ್ಲವೂ ಒಟ್ಟಿಗೆ ಅಲುಗತಕ್ಕ ಏರ್ಪಾಡು ಅದು.

ಇನ್ನು ಕಾದಂಬರಿಗಳ ಮಾತು. ಅವುಗಳನ್ನು ಇಂದು ತೆರೆದ ಓದುಗನಿಗೆ ಮೊದಲ ಹತ್ತು ಪುಟಗಳಲ್ಲಿಯೇ ಉಪದೇಶದ ವಾಸನೆ ಹತ್ತುತ್ತದೆಂಬುದನ್ನು ಮರೆಮಾಚುವುದು ಬೇಡ. ಸದ್ಗುಣ ದುರ್ಗುಣಗಳು ಹೆಸರಿನೊಡನೆಯೇ ಬರುತ್ತವೆ. ಪಾತಿವ್ರತ್ಯವನ್ನು ಲೇಖಕಿ ಎಲ್ಲಿಯೂ ಬಿಟ್ಟುಕೊಡುವುದಿಲ್ಲ. ಆದರೆ ವಿದ್ಯೆಯಿಲ್ಲದ ಪಾತಿವ್ರತ್ಯ ಕುರುಡೆಂಬ ಪಟ್ಟನ್ನೂ ಸಡಿಲಿಸುವುದಿಲ್ಲ. ಓದಿದ ಹೆಣ್ಣು ಮನೆ ಮುರಿಯುತ್ತಾಳೆಂದು ಅಂದಿನ ಹಿರಿಯರು ಹೇಳುತ್ತಿದ್ದ ಮಾತಿಗೆ, ಓದಿದ ಹೆಣ್ಣು ಮನೆ ಉಳಿಸುತ್ತಾಳೆಂದು ಕಥೆ ಕಟ್ಟಿ ತೋರಿಸಿದ್ದು ಒಬ್ಬ ಚತುರ ಉಪಾಧ್ಯಾಯಿನಿಯ ಯುಕ್ತಿ. ಹುಡುಗಿಯನ್ನು ಶಾಲೆಗೆ ಕಳುಹಿಸತಕ್ಕವರು ಆ ಹಿರಿಯರೇ ತಾನೆ? ಅವರನ್ನು ಹೆದರಿಸಿ ಪ್ರಯೋಜನವೇನು? ಹೀಗೆ ಹೇಳಿದ ಮಾತ್ರಕ್ಕೆ ಅದೆಲ್ಲ ಬರಿಯ ಯುಕ್ತಿಯೆಂದು ನಾನು ಹೇಳುತ್ತಿಲ್ಲ. ಅವರು ನಂಬಿದ್ದನ್ನೇ ಬರೆದರು. ಅವರ ನಂಬಿಕೆಯಲ್ಲಿ ನಮಗೊಪ್ಪದ ಭಾಗ ಬಹಳವಿದ್ದರೆ ಅದು ಇರತಕ್ಕದ್ದೇ.

‘ಮಾತೃನಂದಿನಿ’ಯನ್ನು ಕುರಿತು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಬರೆದ ವಿಮರ್ಶೆ ಪ್ರತಿಕೂಲವಾಗಿದ್ದಿತೆಂದೂ, ಅದರಿಂದ ನೊಂದ ಲೇಖಕಿಯ ಉತ್ಸಾಹ ಕುಂದಿತೆಂದೂ ಸ್ತ್ರೀಸಾಹಿತ್ಯದ ಚರ್ಚೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮಾಸ್ತಿಯವರು ತಿರುಮಲಾಂಬಾ ಅವರಿಗಿಂತ ನಾಲ್ಕು ವರ್ಷ ಕಿರಿಯರು. ಮನೆಯಲ್ಲಿ ತಮಿಳಾಡಿ ಕನ್ನಡದಲ್ಲಿ ಬರೆದ ಶ್ರೀವೈಷ್ಣವ ಪರಂಪರೆಗೇ ಇಬ್ಬರೂ ಸೇರಿದವರು. ಕನ್ನಡ ಸಣ್ಣಕಥೆಗೆ ತೂಕದ ಮಾತನ್ನೂ ಸಂಯಮವನ್ನೂ ತಂದುಕೊಟ್ಟ ಆ ಮಹನೀಯರ ಕಣ್ಣಿಗೆ ಉಪದೇಶದ ಭಾರದಿಂದ ಬಾಗಿದ ಕಾದಂಬರಿ ರುಚಿಸದಿದ್ದುದು ಸಹಜವೇ. ನನಗನಿಸುವುದಿಷ್ಟು: ಮಾಸ್ತಿಯವರು ತೂಗಿದ್ದು ಕಾದಂಬರಿಯನ್ನು, ಅದರ ಹಿಂದೆ ನೆರೆದಿದ್ದ ಆ ಮಧ್ಯಾಹ್ನದ ಸಭೆ ಅವರ ತಕ್ಕಡಿಗೆ ಬರುವಂಥದ್ದಾಗಿರಲಿಲ್ಲ. ಒಬ್ಬನೇ ಕುಳಿತು ಮೌನವಾಗಿ ಓದುವವನಿಗೆ ಪುನರುಕ್ತಿಯೆನಿಸುವುದು, ನಡುವೆ ಎದ್ದು ಒಲೆ ನೋಡಿ ಬಂದವಳಿಗೆ ಉಪಕಾರ. ವಿಮರ್ಶಕ ತಪ್ಪಿದನೆಂದೂ ಹೇಳಲಾಗದು, ಲೇಖಕಿ ಸೋತರೆಂದೂ ಹೇಳಲಾಗದು. ಆದರೆ ಸಾಹಿತ್ಯಚರಿತ್ರೆ ಬರೆದವರು ತರುವಾಯ ಹಿಡಿದದ್ದು ಮಾಸ್ತಿಯವರ ತಕ್ಕಡಿಯನ್ನೇ.

ಬರವಣಿಗೆ ನಿಂತಿತು, ಪತ್ರಿಕೆಗಳು ನಿಂತುವು. ತಿರುಮಲಾಂಬಾ ಅವರು ನಂಜನಗೂಡನ್ನು ಬಿಟ್ಟು ಬಂಧುಗಳೊಡನೆ ಮದರಾಸಿನಲ್ಲಿ ನೆಲಸಿದರು. ಇತ್ತ ಕನ್ನಡದಲ್ಲಿ ಎಷ್ಟೆಲ್ಲ ನಡೆದುಹೋಯಿತು! 1912ರಲ್ಲಿ ಹುಟ್ಟಿದ ಕೊಡಗಿನ ಗೌರಮ್ಮ ಕೆಲವು ಅಪೂರ್ವ ಕಥೆಗಳನ್ನು ಕೊಟ್ಟು 1939ರಲ್ಲಿಯೇ ಕಣ್ಮರೆಯಾದರು. ತ್ರಿವೇಣಿಯವರ ‘ಅಪಸ್ವರ’ 1953ರಲ್ಲಿ ಬಂದಿತು. ಹತ್ತು ವರ್ಷ ಮನೆಮನೆಯ ಹೆಂಗಸರನ್ನು ಓದಿಸಿ ಅವರೂ ತೀರಿಕೊಂಡರು. ಜಯದೇವಿತಾಯಿ ಲಿಗಾಡೆಯವರು 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನು ಅಲಂಕರಿಸಿದರು. ಆ ಪೀಠವೇರಿದ ಮೊದಲ ಮಹಿಳೆ ಅವರು. 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಹುಟ್ಟಿತು. ಈ ಎಲ್ಲವೂ ನಡೆಯುತ್ತಿದ್ದಾಗ, ಈ ಎಲ್ಲರಿಗಿಂತಲೂ ಹಿರಿಯರಾದವರು ಬದುಕಿಯೇ ಇದ್ದರು. ರೈಲಿನಲ್ಲಿ ಒಂದು ರಾತ್ರಿಯ ಪ್ರಯಾಣದ ದೂರದಲ್ಲಿದ್ದರು. ಕೇಳಿದವರಿಲ್ಲ.

ಹುಡುಕಿಕೊಂಡು ಹೋದವರು ಚಿ. ನ. ಮಂಗಳಾ ಅವರು. ಬೆಂಗಳೂರು ಜಯನಗರದ ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜಿನ ಪ್ರಾಂಶುಪಾಲೆಯಾಗಿದ್ದು, ಆ ಕಾಲೇಜಿನಲ್ಲಿ ‘ಶಾಶ್ವತೀ’ ಎಂಬ ಮಹಿಳಾ ವಸ್ತುಸಂಗ್ರಹಾಲಯವನ್ನು ಕಟ್ಟಿದವರು ಅವರು. ಒನಕೆ, ಬೀಸುಕಲ್ಲು, ಕಸೂತಿಗಳೂ ಇತಿಹಾಸದ ಆಕರಗಳೆಂದು ತಿಳಿದವರಿಗೆ, ಮರೆತುಹೋದ ಲೇಖಕಿಯೊಬ್ಬರ ವಿಳಾಸವನ್ನು ಹುಡುಕಬೇಕೆನಿಸಿದ್ದು ಆಶ್ಚರ್ಯವಲ್ಲ. ತಿರುಮಲಾಂಬಾ ಅವರಿಗಾಗ ತೊಂಬತ್ತು ದಾಟಿದ್ದಿತು. ಅವರ ಬಾಯಿಂದಲೇ ಅವರ ಜೀವನದ ವಿವರಗಳನ್ನು ಕೇಳಿ ಬರೆದುಕೊಳ್ಳುವಷ್ಟು ಕಾಲ ಉಳಿದಿದ್ದಿತೆಂಬುದೇ ಕನ್ನಡದ ಭಾಗ್ಯ. 1982ರಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ, ಅವರು ಮದರಾಸಿನಲ್ಲಿ ನಿಧನರಾದರು. ಶಾಶ್ವತೀ ಸಂಸ್ಥೆ ಅವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿಯನ್ನು ಕೊಡುತ್ತ ಬಂದಿತು.

ಮುಂದಿನ ಕೆಲಸವನ್ನು ಕೈಗೆತ್ತಿಕೊಂಡವರಲ್ಲಿ ವಿಜಯಾ ದಬ್ಬೆಯವರು ಮುಖ್ಯರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಅಧ್ಯಾಪಕಿಯೂ ಕವಯಿತ್ರಿಯೂ ಆಗಿದ್ದ ಅವರು ‘ಹಿತೈಷಿಣಿಯ ಹೆಜ್ಜೆಗಳು’ ಎಂಬ ಗ್ರಂಥದಲ್ಲಿ ತಿರುಮಲಾಂಬಾ ಅವರ ಬರಹದ ಜಾಡನ್ನು ತಾಳ್ಮೆಯಿಂದ ಹಿಡಿದು ನಡೆದರು. ನಾಗಚಂದ್ರನಂಥ ಪ್ರೌಢ ಕವಿಯಲ್ಲಿ ಪರಿಶ್ರಮವಿದ್ದವರು, ಪಂಡಿತರು ಬದಿಗೊತ್ತಿದ ಈ ಕಾದಂಬರಿಗಳನ್ನು ಅಷ್ಟೇ ಗೌರವದಿಂದ ಓದಿದರೆಂಬುದನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಮಂಗಳಾ ಅವರೂ ದಬ್ಬೆಯವರೂ ತರಗತಿಯಲ್ಲಿ ನಿಂತು ಪಾಠ ಹೇಳಿದ ಹೆಂಗಸರು. ಒಬ್ಬ ಉಪಾಧ್ಯಾಯಿನಿಯ ಗುರುತು ಇನ್ನೊಬ್ಬರಿಗೆ ಬೇಗ ಸಿಕ್ಕುತ್ತದೆಯೋ ಏನೋ.

ತಿರುಮಲಾಂಬಾ ಅವರನ್ನು ಇಂದು ಓದಬಯಸುವವರಿಗೆ ನನ್ನದೊಂದು ಸೂಚನೆಯಿದೆ. ಪಂಡಿತರು ಒಪ್ಪದಿದ್ದರೂ ಚಿಂತೆಯಿಲ್ಲ. ‘ಸುಶೀಲೆ’ಯನ್ನು ಮೇಜಿನ ಮುಂದೆ ಒಬ್ಬರೇ ಕುಳಿತು, ಕೈಯಲ್ಲಿ ಪೆನ್ಸಿಲು ಹಿಡಿದು ಓದಬೇಡಿ, ಮೂರನೆಯ ಪ್ರಕರಣದ ಹೊತ್ತಿಗೆ ಕೋಪ ಬರುತ್ತದೆ. ಬಿಡುವಿನ ದಿನ ಮನೆಯಲ್ಲಿ ನಾಲ್ಕು ಜನ ಸೇರಿದ್ದಾಗ, ಅವರೆಕಾಯಿ ಸುಲಿಯುವ ಕೆಲಸವಿದ್ದರೆ ಇನ್ನೂ ಒಳ್ಳೆಯದು, ಒಬ್ಬರು ಗಟ್ಟಿಯಾಗಿ ಓದಿ. ಉದ್ದವೆನಿಸಿದ್ದ ವಾಕ್ಯಗಳಿಗೆ ಉಸಿರು ಬರುವುದನ್ನೂ, ಉಪದೇಶವೆನಿಸಿದ್ದ ಮಾತಿಗೆ ಮನೆಯ ಹಿರಿಯರೊಬ್ಬರು ತಲೆದೂಗುವುದನ್ನೂ, ಅದಕ್ಕೇ ಕಾಲೇಜಿಗೆ ಹೋಗುವ ಹುಡುಗಿ ರೇಗುವುದನ್ನೂ ನೀವೇ ಕಾಣುವಿರಿ. ಅವಳು ಅಡ್ಡಬಾಯಿ ಹಾಕಿದರೆ ತಡೆಯಬೇಡಿ. ಪುಸ್ತಕವನ್ನು ಮಡಿಲಲ್ಲಿ ಮಗುಚಿಟ್ಟು, ಜಗಳ ಮುಗಿದ ಮೇಲೆ ಮುಂದಿನ ಪ್ರಕರಣಕ್ಕೆ ಹೋಗಿ.